ಮಗುವಿನ ಕಣ್ಣಿಗೆ ಅಟ್ರೋಪಿನ್: ಹನಿ ಹಾಕೋದು ಹೇಗೆ?

ಮೂರು ತಿಂಗಳಿಂದ ಒಂದು ರಾತ್ರಿಯೂ ತಪ್ಪಿಸದೆ ಮಗಳಿಗೆ ಡ್ರಾಪ್ಸ್ ಹಾಕುತ್ತಿದ್ದೇನೆ ಎಂದಳು ನನ್ನ ತಂಗಿ. ಒಂದು ರಾತ್ರಿ ಪಕ್ಕದಲ್ಲೇ ಕೂತು ನೋಡಿದೆ. ಹನಿ ಬಿದ್ದದ್ದು ಕೆನ್ನೆಯ ಮೇಲೆ!

ಮೊದಲು ಒಂದು ಮಾತು. ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯುವುದರಿಂದ ಮಕ್ಕಳ ಮೈನಸ್ ಪವರ್ ಏರುತ್ತದೆ. ಅಟ್ರೋಪಿನ್ ಹನಿ ಆ ಏರಿಕೆಯನ್ನು ನಿಧಾನ ಮಾಡುತ್ತದೆ, ಅಷ್ಟೇ. ಬಂದ ಪವರ್ ಇಳಿಯುವುದಿಲ್ಲ, ಕನ್ನಡಕ ಬೇಕೇ ಬೇಕು.

ಬಾಟಲಿಯ ಮೇಲಿನ ಸಂಖ್ಯೆ ಓದಿ. ಇದಕ್ಕೆ ಬರೆದುಕೊಡುವುದು ಸಾಮಾನ್ಯವಾಗಿ 0.01ರಿಂದ 0.05 ಪರ್ಸೆಂಟ್. ಹಾಂಗ್‌ಕಾಂಗ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 0.05 ಹೆಚ್ಚು ಕೆಲಸ ಮಾಡಿತ್ತು. ನಿಮ್ಮ ಮಗುವಿಗೆ ಯಾವುದು ಅನ್ನೋದು ಡಾಕ್ಟರ್ ತೀರ್ಮಾನ. ಅಂಗಡಿಯಲ್ಲಿ 1 ಪರ್ಸೆಂಟ್ ಅಟ್ರೋಪಿನ್ ಕೂಡ ಸಿಗುತ್ತದೆ. ಅದು 0.01ಕ್ಕಿಂತ ನೂರು ಪಟ್ಟು ಗಟ್ಟಿ! ಹಾಕಿದರೆ ಪಾಪೆ ದಿನಗಟ್ಟಲೆ ಹಿಗ್ಗಿ, ಬೆಳಕು ಚುಚ್ಚುತ್ತದೆ, ಪುಸ್ತಕದ ಅಕ್ಷರ ಮಸುಕಾಗುತ್ತದೆ. "ಎರಡೂ ಒಂದೇ" ಎಂದು ಕೊಟ್ಟರೆ ತಗೊಳ್ಳಬೇಡಿ. ಅದನ್ನು ಮನೆಯಲ್ಲಿ ನೀರು ಬೆರೆಸಿ ತೆಳು ಮಾಡುವ ಸಾಹಸವಂತೂ ಬೇಡವೇ ಬೇಡ.

ಈಗ ಹಾಕುವ ಕೆಲಸ. ಮಲಗುವ ಮುಂಚೆ ಕೈ ತೊಳೆದುಕೊಳ್ಳಿ. ಮಗುವನ್ನು ದಿಂಬಿಲ್ಲದೆ ಅಂಗಾತ ಮಲಗಿಸಿ. ಕೂರಿಸಿ ಹಾಕಬೇಡಿ, ಹನಿ ಜಾರುವುದು ಅಲ್ಲೇ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆದರೆ ಒಳಗೆ ಪುಟ್ಟ ಜೇಬಿನಂಥ ಜಾಗ ಕಾಣುತ್ತದೆ. ಮಗು ಮೇಲಕ್ಕೆ ನೋಡಲಿ. ಹನಿ ಆ ಜೇಬಿಗೆ ಬೀಳಬೇಕು, ಕರಿಗುಡ್ಡೆಯ ಮೇಲಲ್ಲ. ಬಾಟಲಿಯ ಮೂತಿ ರೆಪ್ಪೆಗೂ ಕೂದಲಿಗೂ ತಾಗಬಾರದು. ತಾಗಿದರೆ ಔಷಧಿಯೇ ಕೆಡಬಹುದು.

ಒಂದೇ ಹನಿ. "ಇರಲಿ" ಅಂತ ಇನ್ನೊಂದು ಹಾಕುವುದು ದಂಡ. ಕಣ್ಣು ಒಂದು ಹನಿಯನ್ನೇ ಪೂರ್ತಿ ಹಿಡಿಯಲಾರದು. ಹಾಕಿದ ಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಔಷಧಿ ಮೂಗು, ಗಂಟಲಿಗೆ ಇಳಿಯುತ್ತದೆ. ಕಣ್ಣು ಪಟಪಟ ಬಡಿಯಲು, ಉಜ್ಜಲು ಬಿಡಬೇಡಿ.

ಮಗು ಹೆದರಿ ಕಣ್ಣು ಬಿಗಿ ಹಿಡಿದರೆ ಜಗ್ಗಾಡಬೇಡಿ. ಮುಚ್ಚಿದ ಕಣ್ಣಿನ ಒಳಮೂಲೆಗೆ ಹನಿ ಬಿಡಿ, ಆಮೇಲೆ "ಈಗ ಬಿಡು ಪುಟ್ಟಾ" ಅನ್ನಿ. ತಾನಾಗಿಯೇ ಒಳಗಿಳಿಯುತ್ತದೆ. ತಂಗಿ ಮಗಳಿಗೆ ಈಗ ಹೀಗೇ ಹಾಕುವುದು, ಅಳುವೇ ಇಲ್ಲ.

ಒಂದು ರಾತ್ರಿ ಮರೆತರೆ ಮರುದಿನ ಡಬಲ್ ಹಾಕಬೇಡಿ. ಮುಖ ಕೆಂಪಾಗಿ ಜ್ವರ ಬಂದರೆ, ಎದೆ ಹೊಡೆದುಕೊಂಡರೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಯಾರಾದರೂ ಕುಡಿದುಬಿಟ್ಟರೆ ತಕ್ಷಣ ಆಸ್ಪತ್ರೆಗೆ. ಹಾಗಾಗಿ ಬಾಟಲಿ ಎತ್ತರದಲ್ಲಿರಲಿ, ಮಕ್ಕಳ ಕೈಗೆ ಸಿಗಬಾರದು.

ಕನ್ನಡಕ ಬಿಡಿಸುತ್ತೇವೆ ಎನ್ನುವ ಜೇನಿನ ಹನಿ, ಗಿಡಮೂಲಿಕೆ ಹನಿಗಳಿಗೆ ದುಡ್ಡು ಸುರಿಯಬೇಡಿ. ಬದಲಿಗೆ ದಿನಾ ಎರಡು ಗಂಟೆ ಹೊರಗೆ ಆಡಲು ಬಿಡಿ. ಬಿಸಿಲು ಚುಚ್ಚಿದರೆ ಟೋಪಿ ಹಾಕಿ.

ಆರು ತಿಂಗಳಿಗೊಮ್ಮೆ ಪವರ್ ಜೊತೆಗೆ ಕಣ್ಣಿನ ಉದ್ದವನ್ನೂ ಅಳೆಯಿರಿ ಎಂದು ಕೇಳಿ. ಪವರ್ ನಿಂತಿತು ಅಂತ ನೀವಾಗಿಯೇ ಬಿಡಬೇಡಿ. ದಿಢೀರ್ ನಿಲ್ಲಿಸಿದರೆ ಮತ್ತೆ ಜೋರಾಗಿ ಏರಬಹುದು. ಸಾಮಾನ್ಯವಾಗಿ ಎರಡು ವರ್ಷವಾದರೂ ಹಾಕಬೇಕಾಗುತ್ತದೆ. ಬಾಟಲಿ ತೆರೆದ ದಿನವೇ ಅದರ ಮೇಲೆ ತಾರೀಖು ಬರೆದಿಡಿ. ಚೀಟಿಯಲ್ಲಿ ಬೇರೆ ಹೇಳಿಲ್ಲದಿದ್ದರೆ ಒಂದು ತಿಂಗಳಾದ ಮೇಲೆ ಎಷ್ಟೇ ಉಳಿದಿದ್ದರೂ ಎಸೆಯಿರಿ.