ಅರ್ಜಿ ಬೇಡ, ಕಾರ್ಡ್ ಸಾಕು: ಕ್ಯಾಂಪಸ್ ಹಸಿವಿನ ಕೆಲಸದಲ್ಲಿ ನನ್ನ ಅನುಭವ

ಹಸಿದ ವಿದ್ಯಾರ್ಥಿಗಳಿಗೆ ಐಡಿ ಕಾರ್ಡ್ ಮೇಲೇ ಊಟ ಕೊಡುವ ಯೋಜನೆಯೊಂದನ್ನು ನಮ್ಮ ಕ್ಯಾಂಪಸ್‌ನಲ್ಲಿ ನಡೆಸುತ್ತಿದ್ದೇವೆ. ಪುರಾವೆ ಕೇಳದೆ ಊಟ ಕೊಟ್ಟರೆ ಇಡೀ ಯೂನಿವರ್ಸಿಟಿಯೇ ಬಂದು ಸಾಲಿನಲ್ಲಿ ನಿಲ್ಲುತ್ತದೆ ಅಂತ ಹೆದರಿಸಿದವರೇ ಜಾಸ್ತಿ. ಹಣಕಾಸು ವಿಭಾಗದವರಂತೂ ಒಂದು ಸೆಮಿಸ್ಟರ್‌ನಲ್ಲಿ ನಿಧಿ ಖಾಲಿ ಅಂತ ಬರೆದೇ ಕೊಟ್ಟಿದ್ದರು. ಈಗ ಎರಡನೇ ವರ್ಷ ಮುಗಿಯುತ್ತಾ ಬಂತು. ನಿಧಿ ಇದೆ, ಊಟವೂ ನಡೆಯುತ್ತಿದೆ. ಆ ಕಾಗದವನ್ನು ಜೋಪಾನವಾಗಿ ಫೈಲ್‌ನಲ್ಲಿ ಇಟ್ಟಿದ್ದೇನೆ, ಸುಳ್ಳೇಕೆ ಹೇಳಲಿ.

ನಾವೂ ಪ್ಯಾಂಟ್ರಿಯಿಂದಲೇ, ಅಂದರೆ ದಾನ ಬಂದ ಆಹಾರ ಸಾಮಾನು ಹಂಚುವ ಕೋಣೆಯಿಂದಲೇ ಶುರು ಮಾಡಿದೆವು. ಎಲ್ಲರೂ ಅಲ್ಲಿಂದಲೇ ತಾನೇ ಶುರು ಮಾಡುವುದು? ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ವಿದ್ಯಾರ್ಥಿಗಳು 1993ರಲ್ಲಿ ತೆರೆದ ಫುಡ್ ಬ್ಯಾಂಕ್ ಕಣ್ಣ ಮುಂದಿತ್ತು. ಅವರದು ಬೆಳೆಯಿತು, ನಮ್ಮದು ಮಲಗಿತು. ನಮಗೆ ಸಿಕ್ಕಿದ್ದು ಕಾರಿಡಾರಿನ ಕೊನೆಯ ರೂಮು, ಎದುರಿಗೇ ಅಧ್ಯಾಪಕರ ಕೋಣೆ. ತೆರೆಯುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕು, ಅಂದರೆ ಸರಿಯಾಗಿ ಲ್ಯಾಬ್ ಹೊತ್ತಿಗೆ. ದಾನ ಬಂದದ್ದರಲ್ಲಿ ಅರ್ಧಕ್ಕರ್ಧ ಬೇಯಿಸಿಕೊಂಡು ತಿನ್ನುವ ಸಾಮಾನು. ಹಾಸ್ಟೆಲ್ ರೂಮಿನಲ್ಲಿ ಒಲೆ ಹಚ್ಚುವ ಹಾಗಿಲ್ಲ. ಇದೆಲ್ಲದರ ಮೇಲೆ ಆದಾಯದ ದಾಖಲೆ ಸಮೇತ ನಾಲ್ಕು ಪುಟದ ಅರ್ಜಿ. ಸಾವಿರಾರು ವಿದ್ಯಾರ್ಥಿಗಳಿರುವ ಕಡೆ ತಿಂಗಳಿಗೆ ಮೂವತ್ತು ನಲವತ್ತು ಜನ ಬಂದರೆ ಹೆಚ್ಚು. "ನೋಡಿ, ಹಸಿದವರೇ ಇಲ್ಲ" ಅಂತ ಮೀಟಿಂಗ್‌ನಲ್ಲಿ ಒಬ್ಬರು ನಕ್ಕಿದ್ದೂ ಉಂಟು.

ಅವರ ಬಾಯಿ ಮುಚ್ಚಿಸಲು ಅಳತೆ ಬೇಕಿತ್ತು. ಆಹಾರದ ಕೊರತೆ ಇದೆಯಾ ಅಂತ ಪತ್ತೆ ಮಾಡಲು ಅಮೆರಿಕದಲ್ಲಿ ಬಳಸುವ ಹಂಗರ್ ವೈಟಲ್ ಸೈನ್ ಅನ್ನುವ ಪ್ರಶ್ನಾವಳಿಯ ಎರಡು ಪ್ರಶ್ನೆ ಎತ್ತಿಕೊಂಡೆವು. ದುಡ್ಡು ಕೈಗೆ ಬರುವ ಮೊದಲೇ ಆಹಾರ ಮುಗಿದೀತು ಅನ್ನುವ ಚಿಂತೆ ಇತ್ತಾ, ತಂದದ್ದು ಮುಗಿದು ಮತ್ತೆ ತರಲು ದುಡ್ಡಿಲ್ಲದೆ ಹೋಯಿತಾ. ಮೂಲದಲ್ಲಿ ಹನ್ನೆರಡು ತಿಂಗಳ ಲೆಕ್ಕ ಕೇಳುತ್ತಾರೆ, ನಾವು ಮೂವತ್ತು ದಿನಕ್ಕೆ ಇಳಿಸಿದೆವು. ಹೆಸರು ಕೇಳಲಿಲ್ಲ. ಲೈಬ್ರರಿ ಸರ್ವೆಯ ಮಧ್ಯದಲ್ಲಿ ಸುಮ್ನೆ ಸೇರಿಸಿದೆವು. ಉತ್ತರ ಕೊಟ್ಟವರಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಬ್ಬರು ಹೌದು ಅಂದರು. ಜೊತೆಗೆ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2018ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯನ್ನೂ ಮೇಜಿನ ಮೇಲಿಟ್ಟೆ. ಅವರು ನೋಡಿದ 31 ಅಧ್ಯಯನಗಳಲ್ಲಿ 22ರಲ್ಲಿ ಆಹಾರಕ್ಕೆ ಪರದಾಡುವ ವಿದ್ಯಾರ್ಥಿಗಳ ಪ್ರಮಾಣ ಶೇಕಡಾ 30ಕ್ಕಿಂತ ಜಾಸ್ತಿ. ಅದೇ ವರದಿಯ ಇನ್ನೊಂದು ಸಾಲು ನನಗೆ ಹೆಚ್ಚು ಕೆಲಸಕ್ಕೆ ಬಂತು. ಸರ್ಕಾರದ ಆಹಾರ ನೆರವಿಗೆ ಅರ್ಹರಾಗಿರಬಹುದಾದ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಪಡೆದೇ ಇರಲಿಲ್ಲ. ನೆರವು ಇದ್ದರೆ ಸಾಲದು, ಕೈಗೆ ತಲುಪಬೇಕು ಅನ್ನುವ ನನ್ನ ವಾದಕ್ಕೆ ಅಷ್ಟು ಸಾಕಾಯಿತು.

ಆಮೇಲೆ ಮಾಡಿದ್ದು ಇಷ್ಟೇ. ಎಲ್ಲರ ಕೈಯಲ್ಲೂ ಇರುವ ಅದೇ ಐಡಿ ಕಾರ್ಡ್‌ಗೆ ಊಟ ತುಂಬಿಸಿದೆವು. ಒಂದು ಮೆಸೇಜ್ ಕಳಿಸಿದರೆ ಸಾಕು, ಸಂಜೆಯೊಳಗೆ ಮೆಸ್‌ನ ಹತ್ತು ಹನ್ನೆರಡು ಊಟ ಕಾರ್ಡ್‌ನಲ್ಲಿ. ಕಾರಣ ಕೇಳುವುದಿಲ್ಲ, ದಾಖಲೆ ಕೇಳುವುದಿಲ್ಲ. ಅದೇ ಸಾಲು, ಅದೇ ತಟ್ಟೆ.

ಆದರೂ ಮೊದಲ ವಾರಗಳಲ್ಲಿ ಒಂದು ಸಲ ಕಾರ್ಡ್ ಉಜ್ಜಿದವರು ಎರಡನೇ ಸಲ ಬರಲಿಲ್ಲ. ತಲೆ ಕೆಟ್ಟುಹೋಯಿತು. ಕೊನೆಗೆ ಕೌಂಟರಿನ ಪಕ್ಕ ನಿಂತು ನೋಡಿದಾಗ ಗೊತ್ತಾಯಿತು. ಯಂತ್ರದಿಂದ ಬರುವ ಚೀಟಿಯ ಕೊನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ 'ಸಹಾಯ ನಿಧಿ' ಅಂತ ಅಚ್ಚಾಗುತ್ತಿತ್ತು. ಒಬ್ಬ ಹುಡುಗ ಅದನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಊಟಕ್ಕೆ ಕೂತ. ಆ ಒಂದು ಸಾಲು ತೆಗೆಯಲು ಸಾಫ್ಟ್‌ವೇರ್‌ನವರು ಕೇಳಿದ ದುಡ್ಡಿನಲ್ಲಿ ಇನ್ನೂರು ಊಟ ಆಗುತ್ತಿತ್ತು. ಹಲ್ಲು ಕಚ್ಚಿ ಕೊಟ್ಟೆ. ಮುಂದಿನ ತಿಂಗಳು ಬಳಕೆ ಮೂರು ಪಟ್ಟಾಯಿತು.

ಇನ್ನು ದುಡ್ಡಿನ ಮಾತು. ಮುಂಗಡ ಕಟ್ಟಿ ಉಣ್ಣದೆ ಉಳಿದ ಊಟಗಳನ್ನು ದಾನ ಮಾಡಿಸುವುದು ಹೊಸದೇನಲ್ಲ. 2010ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿದ್ಯಾರ್ಥಿಗಳು ಶುರು ಮಾಡಿದ ಸ್ವೈಪ್ ಔಟ್ ಹಂಗರ್ ಅನ್ನುವ ಸಂಸ್ಥೆ ಇದೇ ದಾರಿಯದು. ಆದರೆ ಮೆಸ್ ಗುತ್ತಿಗೆದಾರರ ಲೆಕ್ಕ ಬೇರೆ. ಇಷ್ಟು ಜನ ತಪ್ಪಿಸುತ್ತಾರೆ ಅಂತ ಮೊದಲೇ ಹಿಡಿದು ದರ ಕಟ್ಟಿರುತ್ತಾರೆ. ತಪ್ಪಿದ ಊಟವನ್ನೆಲ್ಲ ಇನ್ನೊಬ್ಬರು ಉಂಡರೆ ಅವರಿಗೆ ನಷ್ಟ. ಅದಕ್ಕೇ ಒಪ್ಪುವುದಿಲ್ಲ. ನಾನು ಊಟವನ್ನು ಪೂರ್ತಿ ಪುಕ್ಕಟೆ ಕೇಳಲೇ ಇಲ್ಲ. ಬರೀ ಸಾಮಗ್ರಿಯ ಖರ್ಚು ನಾವು ಕೊಡುತ್ತೇವೆ, ಅಡುಗೆಯವರ ಕೂಲಿ, ಗ್ಯಾಸು ಹೇಗೂ ಹೋಗುವಂಥದ್ದೇ ಅಂದೆ. ಊಟದ ದರದ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಕುದುರಿತು. ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಗುತ್ತಿಗೆದಾರರೂ ಓದುತ್ತಾರೆ. ಒಪ್ಪಂದ ನವೀಕರಣಕ್ಕೆ ಮುಂಚೆ ಮಾತಾಡಿ, ಆಮೇಲೆ ಬೇಡ. ಅಷ್ಟು ಹೇಳಬಲ್ಲೆ.

ದುರ್ಬಳಕೆ ಆಯಿತಾ? ಆಯಿತು. ನನ್ನ ಅಂದಾಜಿಗೆ ಇಪ್ಪತ್ತರಲ್ಲಿ ಒಬ್ಬರು. ಆದರೆ ಹಳೇ ಅರ್ಜಿಗಳನ್ನು ಪರಿಶೀಲಿಸಲು ಇಟ್ಟುಕೊಂಡಿದ್ದ ಅರೆಕಾಲಿಕ ಗುಮಾಸ್ತರ ಸಂಬಳ ಇದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಕಳ್ಳನನ್ನು ಹಿಡಿಯುವ ಖರ್ಚು ಕಳವಿಗಿಂತ ದೊಡ್ಡದಾದರೆ ಯಾಕೆ ಬೇಕು ಅದು?

ಎರಡನೇ ಸಲ ಕೇಳಿದವರನ್ನು ಮಾತ್ರ ಕೂರಿಸಿ ಹತ್ತು ನಿಮಿಷ ಮಾತಾಡಿಸುತ್ತೇವೆ. ವಿಚಾರಣೆ ಅಲ್ಲ, ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕುವುದು. ನಿಜವಾದ ಉಳಿತಾಯ ಆಗಿದ್ದೇ ಇಲ್ಲಿ. ಒಬ್ಬ ಹುಡುಗಿಯ ವಿದ್ಯಾರ್ಥಿವೇತನ ಬ್ಯಾಂಕ್ ಖಾತೆಯ ಹೆಸರಿನಲ್ಲಿ ಒಂದು ಅಕ್ಷರ ಬೇರೆಯಾಗಿದ್ದಕ್ಕೆ ತಿಂಗಳುಗಟ್ಟಲೆ ನಿಂತಿತ್ತು. ಒಂದು ಪತ್ರ, ಎರಡು ಫೋನು, ಬಿಡುಗಡೆ ಆಯಿತು. ಆಮೇಲೆ ಅವಳು ಊಟ ಕೇಳಲಿಲ್ಲ. ಎರಡನೇ ಸಲ ಬಂದವರಲ್ಲಿ ಮೂರನೇ ಒಂದು ಭಾಗ ಇಂಥವರೇ ಇರಬೇಕು. ಆ ಹತ್ತು ನಿಮಿಷದಲ್ಲಿ ಮೊದಲು ಕೇಳುವ ಒಂದು ಪ್ರಶ್ನೆ ಇದೆ, ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಮಧ್ಯೆ ಏನೇನೋ ಮಾಡಿ ನೋಡಿದೆವು. ಕಡಿಮೆ ಖರ್ಚಿನ ಅಡುಗೆ ತರಗತಿ ಇಟ್ಟರೆ ಬಂದವರು ಚೆನ್ನಾಗಿ ಉಂಡುಬಂದ ಉತ್ಸಾಹಿಗಳು. ಹಸಿದವರಿಗೆ ಬೇಕಿದ್ದದ್ದು ಪಾತ್ರೆ ಮತ್ತು ಬೀಗದ ಕೈ. ಹಾಸ್ಟೆಲ್‌ನ ಕಾಮನ್ ಕಿಚನ್ನನ್ನು ರಾತ್ರಿ ಹನ್ನೊಂದರವರೆಗೆ ತೆರೆದಿಡಿಸಿದ್ದು ಆ ತರಗತಿಗಳಿಗಿಂತ ಹೆಚ್ಚು ಫಲ ಕೊಟ್ಟಿತು. ಸಮಾರಂಭಗಳಲ್ಲಿ ಮಿಕ್ಕಿದ ಊಟಕ್ಕೆ ಮೆಸೇಜ್ ಬಿಡುವ ಪ್ರಯೋಗವೂ ಆಯಿತು. ಬೇಯಿಸಿದ್ದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಅಂತ ಬಿಗಿ ಮಾಡಿದ್ದರಿಂದ ಓಡಿಬಂದು ತಿಂದವರು ಪಕ್ಕದ ಕಟ್ಟಡದವರು ಮಾತ್ರ. ಅದರಲ್ಲಿ ಸಿಬ್ಬಂದಿಯೇ ಜಾಸ್ತಿ. ನಿಲ್ಲಿಸಿದೆವು.

ಬೇಡಿಕೆ ತಿಂಗಳ ಕೊನೆಗೆ ಏರುತ್ತದೆ ಅಂದುಕೊಂಡಿದ್ದೆವು. ಏರಿದ್ದು ಸೆಮಿಸ್ಟರ್‌ನ ಮೊದಲ ಐದಾರು ವಾರ. ಫೀಸು, ಬಾಡಿಗೆ ಕಟ್ಟಿ ಆಗಿರುತ್ತದೆ, ವಿದ್ಯಾರ್ಥಿವೇತನ ಬಂದಿರುವುದಿಲ್ಲ. ಈಗ ನಿಧಿಯ ಅರ್ಧ ಪಾಲು ಆ ವಾರಗಳಿಗೇ ಮೀಸಲು.

ಬಗೆಹರಿಯದೆ ಉಳಿದಿರುವುದು ರಜೆ. ಮೆಸ್ ಮುಚ್ಚಿದರೆ ನಮ್ಮ ಕಾರ್ಡ್‌ಗೆ ಬೆಲೆಯಿಲ್ಲ. ಊರಿಗೆ ಹೋಗಲಾಗದವರು, ಸಂಶೋಧನಾ ವಿದ್ಯಾರ್ಥಿಗಳು ಇಲ್ಲೇ ಇರುತ್ತಾರೆ. ಕಳೆದ ರಜೆಯಲ್ಲಿ ಕಿಚನ್ ತೆರೆದಿಟ್ಟು ದಿನಸಿ ಕ್ರೆಡಿಟ್ ಕೊಟ್ಟೆವು. ತಲಾ ಖರ್ಚು ಮೆಸ್ ದರದ ಮುಕ್ಕಾಲು ಭಾಗ ಬಿತ್ತು, ಅಂದರೆ ನಮಗೆ ದುಬಾರಿಯೇ. ಮಕ್ಕಳಿರುವ ಸಂಶೋಧಕರಿಗೆ ಅದು ಅರ್ಧ ವಾರಕ್ಕೂ ಸಾಲಲಿಲ್ಲ. ಮುಂದಿನ ರಜೆಗೆ ಮನೆಯ ತಲೆ ಎಣಿಸಿ ಕೊಡಬೇಕೆಂದಿದ್ದೇವೆ, ಬಜೆಟ್ಟಿನ ಮಾತುಕತೆ ನಡೆಯುತ್ತಿದೆ.