ಅವರೂ ನನ್ನ ಜೊತೆಗೇ ಇಳಿದರು

ಆ ರಾತ್ರಿ ರೈಲಿನಲ್ಲಿ ನನ್ನ ಎದುರು ಮೂವರು ಕೂತಿದ್ದರು. ಮೊದಲು ಗುಸುಗುಸು, ಆಮೇಲೆ ನಗು. ಕೊನೆಗೆ ಒಬ್ಬ ಕೇಳಿಯೇಬಿಟ್ಟ, "ನೀನು ಗಂಡಾ, ಹೆಣ್ಣಾ?" ನಾನು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಬರೆದರು, ಆದರೆ ನಾನು ಹೆಣ್ಣು. ಈ ಪ್ರಶ್ನೆ ನನಗೆ ಹೊಸದಲ್ಲ. ಹೇಳಿದರೆ ಸುಮ್ಮನಾಗುತ್ತಾರೆ ಅಂದುಕೊಂಡು ಹೇಳಿದೆ. ಅವರು ಸುಮ್ಮನಾಗಲಿಲ್ಲ. ನನ್ನ ಸ್ಟಾಪ್ ಬಂತು, ಇಳಿದೆ. ಅವರೂ ಇಳಿದರು. ಮೆಟ್ಟಿಲ ಹತ್ತಿರ ಹಿಂದಿನಿಂದ ಕೂದಲು ಹಿಡಿದು ಎಳೆದರು. ಬಿದ್ದ ರಭಸಕ್ಕೆ ಮಣಿಕಟ್ಟಿನ ಮೂಳೆ ಮುರಿಯಿತು.

ಬೋಗಿ ತುಂಬ ಜನ ಇದ್ದರು. ಅಲ್ಲಿ ಆದದ್ದು ಬರೀ ಮಾತು. ಕೈ ಮೈಮೇಲೆ ಬಂದದ್ದು ಇಳಿದ ಮೇಲೆ. ಅಲ್ಲಿಯವರೆಗೂ ನಾನು ಯೋಚಿಸುತ್ತಿದ್ದದ್ದು ಎಲ್ಲಿ ಕೂರಬೇಕು ಅಂತ ಮಾತ್ರ. ಎಲ್ಲಿ ಇಳಿಯಬೇಕು, ಇಳಿದ ಮೇಲೆ ಯಾರ ಕಣ್ಣಿಗೆ ಬೀಳುತ್ತೇನೆ ಅನ್ನುವುದನ್ನು ಯೋಚಿಸಿಯೇ ಇರಲಿಲ್ಲ.

ಈಗ ದಿನಾ ಹೋಗುವ ದಾರಿಯಲ್ಲಿ ಮೂರು ಸ್ಟಾಪ್ ಗುರುತು ಮಾಡಿಟ್ಟುಕೊಂಡಿದ್ದೇನೆ. ಮೂರರಲ್ಲೂ ಬೆಳಕಿದೆ, ತಡರಾತ್ರಿಯೂ ಸಿಬ್ಬಂದಿ ಇರುತ್ತಾರೆ. ಯಾರಾದರೂ ನನ್ನನ್ನೇ ನೋಡುತ್ತಾ ಕೂತರೆ ಮನೆಯ ಸ್ಟಾಪಿನಲ್ಲಿ ಇಳಿಯುವುದಿಲ್ಲ. ನನ್ನ ಮನೆ ಯಾವ ಕಡೆ ಅಂತ ಅವರಿಗೆ ತಿಳಿಯಬಾರದು. ಈ ಮೂರರಲ್ಲಿ ಒಂದರಲ್ಲಿ, ಬಾಗಿಲು ಮುಚ್ಚುವ ಹೊತ್ತಿಗೆ ಇಳಿದು, ನೇರ ಸಿಬ್ಬಂದಿ ಇರುವ ಕಡೆ ಹೋಗಿ ನಿಲ್ಲುತ್ತೇನೆ. ಹತ್ತು ನಿಮಿಷ ತಡವಾಗುತ್ತದೆ, ಆಗಲಿ.

ಬಸ್ಸಿನಲ್ಲಿ ಡ್ರೈವರ್ ಹತ್ತಿರ, ದಾರಿ ಕಡೆಯ ಸೀಟು. ಕಿಟಕಿ ಪಕ್ಕ ಕೂತರೆ ಪಕ್ಕದವನು ಎದ್ದರೆ ಮಾತ್ರ ಹೊರಗೆ ಬರಲು ಸಾಧ್ಯ. ಪ್ಲಾಟ್‌ಫಾರ್ಮಿನಲ್ಲಿ ಅಂಚಿನಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಖಾಲಿ ಬೋಗಿ ಕಂಡರೆ ಹತ್ತುವುದಿಲ್ಲ.

ನಮ್ಮಂಥವರಿಗೆ ಇನ್ನೂ ಕೆಲವು ವಿಷಯ ಜಾಸ್ತಿ ಇವೆ. ದನಿ ಅದರಲ್ಲಿ ಒಂದು. ಗುಂಪಿನ ನಡುವೆ ಫೋನಿನಲ್ಲಿ ಮಾತಾಡಿದರೆ ತಲೆಗಳು ತಿರುಗುತ್ತವೆ. ಅದಕ್ಕೇ ಮೆಸೇಜ್ ಮಾಡುತ್ತೇನೆ. ಪಾಸ್ ಇನ್ನೊಂದು. ನನ್ನದರಲ್ಲಿ ಬಹಳ ದಿನ ಹಳೆಯ ಹೆಸರೇ ಇತ್ತು. ಒಮ್ಮೆ ತಪಾಸಣೆಗೆ ಬಂದವರು ಆ ಹೆಸರನ್ನು ಜೋರಾಗಿ ಓದಿದರು. ಇಡೀ ಬೋಗಿಗೆ ನಾನು ಯಾರೆಂದು ತಿಳಿಯಿತು. ಕೆಟ್ಟ ಉದ್ದೇಶ ಇತ್ತೋ ಇಲ್ಲವೋ, ಅಪಾಯ ಮಾತ್ರ ನನ್ನದು. ಆಮೇಲೆ ಎಷ್ಟೇ ಓಡಾಟವಾದರೂ ಸರಿ ಅಂತ ಮೊದಲು ಪಾಸಿನ ಹೆಸರು ಬದಲಿಸಿದೆ. ಅಲ್ಲಿಯವರೆಗೆ ಪಾಸ್ ಕೊಡುವಾಗಲೇ ಮೆಲ್ಲಗೆ "ಇದು ನನ್ನದೇ, ಹೆಸರು ಓದಬೇಡಿ" ಅನ್ನುತ್ತಿದ್ದೆ. ಹೆಚ್ಚಿನವರು ಕೇಳುತ್ತಿದ್ದರು.

ಫೋನ್ ಬಗ್ಗೆ ಹೇಳಲೇಬೇಕು. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಅನ್ನು 15 ನಿಮಿಷ, 1 ಗಂಟೆ ಅಥವಾ 8 ಗಂಟೆ ಹಂಚಿಕೊಳ್ಳಬಹುದು. ನಾನು ಹತ್ತುವ ಮೊದಲೇ ಗೆಳತಿಗೆ 1 ಗಂಟೆಯದ್ದು ಕಳಿಸುತ್ತೇನೆ. ನಾನು ಬೇಗ ಉತ್ತರ ಕೊಡದಿದ್ದರೆ ಏನು ಮಾಡಬೇಕು ಅಂತ ಅವಳ ಜೊತೆ ಕೂತು ಮೊದಲೇ ಮಾತಾಡಿದ್ದೇನೆ. ಇದು ಬಹಳ ಮುಖ್ಯ. ಏನು ಮಾಡಬೇಕೆಂದು ಗೊತ್ತಿಲ್ಲದವರಿಗೆ ಲೊಕೇಶನ್ ಕಳಿಸಿದರೆ ಅವರಿಗೆ ಗಾಬರಿ ಆಗುತ್ತದೆ, ಅಷ್ಟೇ. ಇನ್ನು ಇವತ್ತಿನ ಬಹಳಷ್ಟು ಸ್ಮಾರ್ಟ್‌ಫೋನ್‌ಗಳಲ್ಲಿ ಪವರ್ ಬಟನ್ 5 ಸಲ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಕೊಳ್ಳಬಹುದು. ಇವತ್ತೇ ತೆರೆದು ನೋಡಿ. ಇಯರ್‌ಫೋನ್ ಹಾಕಿಕೊಳ್ಳುತ್ತೇನೆ, ಆದರೆ ಹಾಡು ಇರುವುದಿಲ್ಲ. ಪ್ರಶ್ನೆ ಕೇಳಿಸಲಿಲ್ಲ ಅನ್ನುವ ಹಾಗೆ ಕೂರಬಹುದು, ಹಿಂದಿನ ಹೆಜ್ಜೆಯ ಸದ್ದೂ ಕೇಳಿಸುತ್ತದೆ.

ಪೆಪ್ಪರ್ ಸ್ಪ್ರೇ ಇಟ್ಟುಕೋ ಅಂತ ತುಂಬ ಜನ ಹೇಳಿದರು. ನಾನು ಇಟ್ಟುಕೊಂಡಿಲ್ಲ. ಮುಚ್ಚಿದ ಬೋಗಿಯಲ್ಲಿ ಅದು ನಮ್ಮ ಕಣ್ಣಿಗೂ ಬರುತ್ತದೆ, ಪಕ್ಕದ ಮಗುವಿನ ಕಣ್ಣಿಗೂ ಬರುತ್ತದೆ. ಬ್ರಿಟನ್‌ನಂಥ ಕೆಲವು ದೇಶಗಳಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಇಷ್ಟೆಲ್ಲ ನಾವೇ ಯಾಕೆ ಮಾಡಬೇಕು? ಮಾಡಬೇಕಾಗಿರಲಿಲ್ಲ, ಅಲ್ವಾ? ಹೊಡೆಯುವವರು ಹೊಡೆಯದೆ ಇದ್ದರೆ ಸಾಕಿತ್ತು. ರೀಟಾ ಹೆಸ್ಟರ್ ಎಂಬ ಟ್ರಾನ್ಸ್ ಮಹಿಳೆಯ ಕೊಲೆ 1998ರಲ್ಲಿ ನಡೆಯಿತು. ಮರುವರ್ಷದಿಂದ ನಮ್ಮಲ್ಲಿ ಕೊಲೆಯಾದವರನ್ನು ನೆನೆಯುವ ದಿನ ಶುರುವಾಯಿತು, ಈಗ ಅದು ನವೆಂಬರ್ 20. ಪ್ರತಿ ವರ್ಷ ನಾನೂ ಮೇಣದಬತ್ತಿ ಹಚ್ಚುತ್ತೇನೆ. ಸೆಪ್ಟೆಂಬರ್ 2024ಕ್ಕೆ ಮುಗಿದ ಒಂದು ವರ್ಷದಲ್ಲಿ ಜಗತ್ತಿನಲ್ಲಿ ನಮ್ಮಂಥವರ 350 ಕೊಲೆಗಳು ವರದಿಯಾದವು ಎಂದು ಈ ಲೆಕ್ಕ ಇಡುವ ಟಿಜಿಇಯು ಸಂಸ್ಥೆ ಹೇಳಿದೆ. ವರದಿಯಾಗದೆ ಉಳಿದವರು ಅದರಲ್ಲಿಲ್ಲ. ನನ್ನ ಮಣಿಕಟ್ಟೂ ಆ ಲೆಕ್ಕದಲ್ಲಿ ಬರುವುದಿಲ್ಲ.

ನೋಡುತ್ತಾ ಕೂತವರಿಗೆ ಒಂದು ಮಾತು. ಆ ಘಟನೆಯಾದ ಕೆಲವು ತಿಂಗಳ ನಂತರ ಬಸ್ಸಿನಲ್ಲಿ ಒಬ್ಬ ನನ್ನ ಮೇಲೆ ಬಾಗಿ ನಿಂತಿದ್ದ. ಹಿಂದಿನ ಸೀಟಿನ ಹುಡುಗಿ ಎದ್ದು ಬಂದು "ಅಕ್ಕಾ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ!" ಅಂದಳು. ನನಗೆ ಅವಳ ಪರಿಚಯವೇ ಇರಲಿಲ್ಲ. ಅವನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಪಕ್ಕ ಕೂತು ಹವಾಮಾನ, ಕೆಲಸ, ಅದು ಇದು ಮಾತಾಡಿದಳು. ಅವನು ಮುಂದೆ ಹೋದ. ನಾನು ಇಳಿದಾಗ ಅವಳೂ ಇಳಿದು, ನಾನು ಬೆಳಕಿಗೆ ಬರುವವರೆಗೆ ನಿಂತಿದ್ದಳು. ಜಗಳಕ್ಕೆ ಇಳಿಯಲೇಬೇಕು ಅಂತಿಲ್ಲ. ಗಮನ ಬೇರೆ ಕಡೆ ತಿರುಗಿಸಿ, ಡ್ರೈವರ್‌ಗೆ ಹೇಳಿ, ಆಮೇಲೆ "ಜೊತೆ ಬರಲಾ?" ಅಂತ ಕೇಳಿ. ವಿಡಿಯೋ ತೆಗೆದರೆ ಅದನ್ನು ಪೆಟ್ಟು ತಿಂದವರ ಕೈಗೆ ಕೊಡಿ. ಕೇಳದೆ ಎಲ್ಲೂ ಹಾಕಬೇಡಿ. ಮನೆಯವರಿಗೆ ಇನ್ನೂ ಹೇಳಿಕೊಳ್ಳದ ಎಷ್ಟೋ ಜನ ನಮ್ಮಲ್ಲಿದ್ದಾರೆ.

ಹೋದ ತಿಂಗಳು ನನ್ನ ಕಿರಿಯ ಗೆಳತಿಯೊಬ್ಬಳು ಮೊದಲ ಸಲ ತನ್ನಂತೆ ತಾನು ಉಡುಪು ಹಾಕಿ ಕೆಲಸಕ್ಕೆ ಹೊರಟಳು. ಅವಳ ದಾರಿಯ ಮೂರು ಸ್ಟಾಪ್‌ಗಳನ್ನು ನಾವಿಬ್ಬರೂ ಒಟ್ಟಿಗೆ ಹೋಗಿ ಆರಿಸಿದೆವು. ಮೊದಲ ವಾರ ನಾನೂ ಅವಳ ಜೊತೆ ಹೋದೆ. ಎರಡು ಸೀಟು ಹಿಂದೆ ಕೂರುತ್ತಿದ್ದೆ.