ಫ್ರೆಂಚ್ ಹಾಡುಗಳ ರೆಕಾರ್ಡಿಂಗ್: ಸೊಪ್ರಾನೊ, ಪಿಯಾನೊ ಮತ್ತು ಒಂದು ಜೋಡಿ ಮೈಕು

ಫ್ರಾನ್ಸಿನಲ್ಲಿ ಈ ಹಾಡುಗಳನ್ನು ಮೆಲೊದಿ ಅನ್ನುತ್ತಾರೆ. ಒಳ್ಳೆಯ ಕವಿತೆ, ಒಂದು ಕಂಠ, ಒಂದು ಪಿಯಾನೊ, ಅಷ್ಟೇ. ನಮ್ಮ ಭಾವಗೀತೆಗೆ ತೀರಾ ಹತ್ತಿರ. ನಮ್ಮಲ್ಲಿ ಬೇಂದ್ರೆ, ಕೆ.ಎಸ್.ನ. ಕವಿತೆಗಳನ್ನು ಹಾಡಿದ ಹಾಗೆ ಅಲ್ಲಿ ವೆರ್ಲೆನ್, ಬೋದಿಲೇರ್. ಲಂಕೇಶರ 'ಪಾಪದ ಹೂಗಳು' ಓದಿದವರಿಗೆ ಬೋದಿಲೇರ್ ಹೊಸಬನಲ್ಲ.

ಆದರೆ ರೆಕಾರ್ಡ್ ಮಾಡುವವರು ಒಂದು ವ್ಯತ್ಯಾಸ ಮರೆಯಬಾರದು. ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ದನಿ ಮುಂದೆ, ವಾದ್ಯಗಳು ಹಿಂದೆ. ಅದೇ ಕಿವಿ ಇಟ್ಟುಕೊಂಡು ಮೆಲೊದಿಗೆ ಕೂತರೆ ಹಾಡೇ ಕೈಬಿಟ್ಟು ಹೋಗುತ್ತದೆ. ಇಲ್ಲಿ ಪಿಯಾನೊ ಪಕ್ಕವಾದ್ಯ ಅಲ್ಲ.

ಸಂಗೀತ ಸಂಯೋಜಕ ರೇನಾಲ್ಡೊ ಆನ್ ಅವರ 'ಆ ಕ್ಲೋರಿಸ್' ಕೇಳಿ ನೋಡಿ, 1916ರದು. ಮೊದಲು ಪಿಯಾನೊ ಒಂದೇ. ಎಡಗೈ ಒಂದೊಂದೇ ಸ್ವರ ಕೆಳಗಿಳಿಯುತ್ತದೆ. ಬಲಗೈಯಲ್ಲಿ ಬಾಖ್‌ನನ್ನು ನೆನಪಿಸುವ, ಸಣ್ಣ ಸಣ್ಣ ಸುತ್ತುಗಳಿರುವ ರಾಗ. ಆಮೇಲೆ ಗಾಯಕಿ ಹೆಚ್ಚುಕಮ್ಮಿ ಮಾತಾಡಿದ ಹಾಗೆ ಶುರು ಮಾಡುತ್ತಾರೆ. ರಾಗ ಮಾತ್ರ ಪಿಯಾನೊದಲ್ಲೇ ಸಾಗುತ್ತಿರುತ್ತದೆ. ಇನ್ನೊಬ್ಬ ಸಂಯೋಜಕ ಫೋರೆಯ 'ಕ್ಲೇರ್ ದ ಲ್ಯೂನ್' (1887) ಕೂಡ ಹಾಗೇ. ಪಿಯಾನೊ ತನ್ನ ಪಾಡಿಗೆ ಮಿನುಯೆಟ್ ಅನ್ನುವ ಹಳೆಯ ಕುಣಿತದ ಸಂಗೀತ ನುಡಿಸುತ್ತಿರುತ್ತದೆ, ದನಿ ನಡುವೆ ಬಂದು ಸೇರಿಕೊಳ್ಳುತ್ತದೆ. ಇಂಥ ಹಾಡಿನಲ್ಲಿ ಪಿಯಾನೊ ತಗ್ಗಿಸಿದರೆ ಉಳಿಯುವುದೇನು?

ಹಾಗಾಗಿ ಇಂಥ ಹಾಡುಗಳನ್ನು ರೆಕಾರ್ಡ್ ಮಾಡಲು ಹೊರಟಾಗ, ಸೊಪ್ರಾನೊ (ಮೇಲಿನ ಸ್ಥಾಯಿಯ ಗಾಯಕಿ) ಮತ್ತು ಪಿಯಾನಿಸ್ಟ್ ಇಬ್ಬರ ಸಮತೋಲ ಮಿಕ್ಸರಿನಲ್ಲಿ ಅಲ್ಲ, ಕೋಣೆಯಲ್ಲೇ ಸಿಗಬೇಕು ಅಂತ ತೀರ್ಮಾನ ಮಾಡಿಕೊಂಡೆ. ಚರ್ಚಿನಲ್ಲಿ ಮಾಡೋಣ ಅನ್ನುವವರು ಜಾಸ್ತಿ. ನಾನು ಒಪ್ಪಲಿಲ್ಲ. ಕಲ್ಲಿನ ಗೋಡೆಗಳ ಮಾರ್ದನಿಯಲ್ಲಿ ದನಿ ಚಂದ ಕೇಳುತ್ತದೆ, ಮಾತು ಕಲಸಿಹೋಗುತ್ತದೆ. ಕವಿತೆ ಕೇಳಿಸದಿದ್ದರೆ ಮೆಲೊದಿ ಹಾಡಿ ಏನು ಪ್ರಯೋಜನ? ಮರದ ನೆಲದ ಒಂದು ಚಿಕ್ಕ ಸಭಾಂಗಣ ಹಿಡಿದೆವು.

ಮುಖ್ಯ ಮೈಕುಗಳಿಗೆ ಓಆರ್‌ಟಿಎಫ್ ಜೋಡಣೆ. ಫ್ರೆಂಚ್ ರೇಡಿಯೊದವರೇ ರೂಪಿಸಿದ್ದು. ಎರಡು ಕಾರ್ಡಿಯಾಯ್ಡ್ ಮೈಕು (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವಂಥವು), ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಈ ಜೋಡಿಯೇ ದನಿ ಮತ್ತು ಪಿಯಾನೊ ಎರಡನ್ನೂ ಹಿಡಿಯಬೇಕು. ಕಛೇರಿಯಲ್ಲಿ ಗಾಯಕಿ ಪಿಯಾನೊಗೆ ಬೆನ್ನು ಹಾಕಿ ಸಭೆಗೆ ಮುಖ ಮಾಡಿ ನಿಲ್ಲುತ್ತಾರೆ. ನಾನು ಅವರನ್ನು ಕೆಲವು ಹೆಜ್ಜೆ ಮುಂದಕ್ಕೆ ಕರೆದು, ಪಿಯಾನಿಸ್ಟ್ ಕಣ್ಣಿಗೆ ಬೀಳುವ ಹಾಗೆ ಅರ್ಧ ತಿರುಗಿಸಿ ನಿಲ್ಲಿಸಿದೆ. ಇಬ್ಬರೂ ಒಬ್ಬರ ಉಸಿರನ್ನು ಒಬ್ಬರು ನೋಡುತ್ತಿರಬೇಕು, ಅಲ್ವಾ?

ದನಿ ಕಡಿಮೆ ಅನಿಸಿದರೆ ಗಾಯಕಿ ಅರ್ಧ ಹೆಜ್ಜೆ ಮೈಕಿನ ಕಡೆಗೆ ಬರುತ್ತಾರೆ. ಪಿಯಾನೊ ಮುಚ್ಚಳ ಮಾತ್ರ ಪೂರ್ತಿ ತೆರೆದೇ ಇರಬೇಕು. ಮುಚ್ಚಳ ಇಳಿಸಿದರೆ ಸದ್ದು ತಗ್ಗುವುದಷ್ಟೇ ಅಲ್ಲ, ಮೇಲಿನ ಸ್ವರಗಳ ಹೊಳಪೂ ಹೋಗುತ್ತದೆ. ಸಂಯೋಜಕ ಡೆಬ್ಯುಸಿಯ ಹಾಡುಗಳಿಗೆ ಆ ಹೊಳಪು ಬೇಕೇ ಬೇಕು.

ಗಾಯಕಿಗೆ ಇನ್ನೊಂದು ಮೈಕು ಇಟ್ಟೆ. ವ್ಯಂಜನಗಳು ಸ್ಪಷ್ಟವಾಗಲಿ ಅಂತ ಮಾತ್ರ. ತಲೆಗಿಂತ ಸ್ವಲ್ಪ ಮೇಲಿದ್ದರೆ 'ಸ'ಕಾರ, ಉಸಿರು ನೇರವಾಗಿ ಹೊಡೆಯುವುದಿಲ್ಲ. ಹತ್ತಿರ ಇರುವುದರಿಂದ ದನಿ ಅದನ್ನು ಮೊದಲೇ ತಲುಪುತ್ತದೆ; ಹಾಗಾಗಿ ಮಿಕ್ಸಿನಲ್ಲಿ ಅದನ್ನು ಬಹಳ ಕೆಳಗೆ ಇಟ್ಟು, ಮುಖ್ಯ ಜೋಡಿಗೆ ಹೊಂದುವಂತೆ ತಡ ಮಾಡಬೇಕು. ಒಂದು ಮೀಟರ್ ಅಂತರಕ್ಕೆ ಸುಮಾರು 3 ಮಿಲಿಸೆಕೆಂಡ್. ಇದನ್ನು ಬಿಟ್ಟರೆ ದನಿ ಪಿಯಾನೊದಿಂದ ಕಿತ್ತು ಬಂದ ಹಾಗೆ ಕೇಳುತ್ತದೆ.

ಭಾಷೆಯ ಮೇಲೆ ಕಿವಿ ಇಡುವುದು ಕೆಲಸದ ಅರ್ಧ ಭಾಗ. ಫ್ರೆಂಚಿನ ಮೂಗಿನ ಸ್ವರಗಳ ಕೊನೆಗೆ ನಕಾರ ಇರುವುದಿಲ್ಲ, ಸ್ವರವೇ ಮೂಗಿನಲ್ಲಿ ಹೊರಡುತ್ತದೆ. ಕನ್ನಡದವರಿಗೆ ಅನುಸ್ವಾರ ಕಂಡರೆ ನ್ ಅಥವಾ ಮ್ ಅಂತ ಮುಚ್ಚುವ ರೂಢಿ. ಅದಕ್ಕೇ ನನ್ನ ಕಿವಿ ಅಲ್ಲಿ ಇನ್ನೂ ಹುಷಾರಾಗಿರುತ್ತದೆ. ಉದ್ದ ಸ್ವರದ ತುದಿಯಲ್ಲಿ ನಾಲಿಗೆ ಮೇಲಕ್ಕೆ ತಾಗಿದರೂ ಮೈಕು ಬಿಡುವುದಿಲ್ಲ. ಇನ್ನೊಂದು, ಮಾತಿನಲ್ಲಿ ಕೇಳಿಸದ ಪದದ ಕೊನೆಯ ಎಕಾರ ಹಾಡಿನಲ್ಲಿ ಸ್ವಂತ ಸ್ವರ ಪಡೆಯುತ್ತದೆ. 'ಲ್ಯೂನ್' (lune) ಎರಡು ಸ್ವರ ಆಗುತ್ತದೆ. ಎರಡನೆಯದು ಹಗುರವಾಗಿರಬೇಕು. ಒತ್ತಿ ಹಾಡಿದ ಟೇಕನ್ನು ನಾನು ಉಳಿಸಿಕೊಳ್ಳಲಿಲ್ಲ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ.

ತುಂಬಾ ಬೆವರಿಳಿಸಿದ್ದು ಸಂಯೋಜಕ ದ್ಯುಪಾರ್ಕ್ ಅವರ 'ಲಾಂವಿತಾಸಿಯೋಂ ಒ ವೊಯಾಜ್' (1870). ಬೋದಿಲೇರ್ ಕವಿತೆ. ಓಲಾಡುವ ಪಿಯಾನೊ ಪಲ್ಲವಿ ಬಂದಾಗ ನಿಂತು, ಬರೀ ಉದ್ದನೆಯ ಸ್ವರಮೇಳಗಳಾಗುತ್ತವೆ. ಅದರ ಮೇಲೆ ದನಿ ಹೆಚ್ಚು ಏರಿಳಿಯದೆ ಮೆಲ್ಲಗೆ ಹೇಳುತ್ತದೆ. ಅಷ್ಟು ಮೆಲ್ಲಗೆ ಆದಾಗ ಕೋಣೆಯ ಸದ್ದೆಲ್ಲ ಹೊರಗೆ ಬರುತ್ತದೆ. ಹೀಟರ್ ಆಫ್ ಮಾಡಿಸಿದೆವು. ಗುಂಯ್‌ಗುಡುವ ದೀಪ ಬದಲಾಯಿಸಿದೆವು. ಹಾಳೆ ತಿರುಗಿಸುವ ಸದ್ದು ಬೇಡ ಅಂತ ಪಿಯಾನಿಸ್ಟ್ ಟ್ಯಾಬ್ಲೆಟ್ ಇಟ್ಟುಕೊಂಡರು. ಟ್ಯೂನರ್ ದಿನವಿಡೀ ಪಕ್ಕದ ಕೋಣೆಯಲ್ಲೇ ಇದ್ದು, ಕಿರುಗುಟ್ಟುವ ಪೆಡಲಿಗೂ ಮದ್ದು ಮಾಡಿದರು.

ಪ್ರತಿ ಹಾಡನ್ನೂ ಮೊದಲು ಇಡಿಯಾಗಿ ಹಾಡಿಸಿದೆ. ತುಂಡುಗಳು ಆಮೇಲೆ. ತುಂಡು ಬೇಕಾದಾಗಲೂ ಹಿಂದಿನ ಸಾಲಿನಿಂದಲೇ ಶುರು, ಯಾಕೆಂದರೆ ಹಿಂದಿನ ಸ್ವರಗಳ ಅನುರಣನ ಪೆಡಲಿನಲ್ಲಿ ಉಳಿದಿರುತ್ತದೆ. ಅದು ಎರಡೂ ಟೇಕುಗಳಲ್ಲಿ ಒಂದೇ ಥರ ಇರದಿದ್ದರೆ ಬೆಸುಗೆ ಕೇಳಿಬಿಡುತ್ತದೆ.

ಲೆವೆಲ್ ಇಡುವಾಗ ಅತಿ ಜೋರಿನ ಸಾಲು ಹಾಡಿಸಿಕೊಂಡು, ಸದ್ದು ಒಡೆಯುವ ಮಿತಿಗಿಂತ ಕೆಳಗೆ 12 ಡೆಸಿಬೆಲ್ ಜಾಗ ಬಿಟ್ಟೆ. 24 ಬಿಟ್ ರೆಕಾರ್ಡಿಂಗ್ ಇರುವಾಗ ಅಷ್ಟು ಬಿಟ್ಟರೆ ನಷ್ಟವಿಲ್ಲ. ಜೋರು-ಮೆಲ್ಲಗಿನ ಅಂತರ ಕುಗ್ಗಿಸುವ ಕಂಪ್ರೆಸರ್ ಮುಟ್ಟಲಿಲ್ಲ. ಫೋನಿನಲ್ಲಿ ಕೇಳುವವರಿಗೆ ಮೆಲ್ಲಗಿನ ಸಾಲುಗಳು ಕೇಳಿಸಲ್ಲ, ಸ್ವಲ್ಪ ಏರಿಸಿ ಅಂತ ಗಾಯಕಿಯೇ ಕೇಳಿದರು. ದ್ಯುಪಾರ್ಕ್ ಪಲ್ಲವಿಯನ್ನು ಏರಿಸಿದ್ದು, ಏರಿಸದ್ದು ಎರಡನ್ನೂ ಅವರಿಗೆ ಕೇಳಿಸಿದೆ. ಏರಿಸದ್ದನ್ನೇ ಇರಲಿ ಅಂದರು.